ಜರ್ಮನಿಗೆ ಹೋದ ಅಡಿಕೆ ಹಾಳೆ

ನಾನು ಜರ್ಮನಿಗೆ ಹೋದದ್ದು ವಿಮಾನದ ಇಂಜಿನ್ನಿನೊಳಗೆ ತಿರುಗುವ ಲೋಹದ ರೆಕ್ಕೆಗಳ ಬಗ್ಗೆ ಓದಲು. ಊರಿನಲ್ಲಿ ಹಾಗೆಂದೇ ಹೇಳಿ ಹೊರಟಿದ್ದೆ. ಸಿದ್ಧಕಟ್ಟೆಯಿಂದ ಮೂಡುಬಿದಿರೆಯ ಕಡೆಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಇಂಜಿನಿಯರಿಂಗ್ ಮುಗಿಸಿದ ಹುಡುಗಿ ಈಗ ಮೆಟೀರಿಯಲ್ ಸೈನ್ಸ್ ಓದಲು ವಿದೇಶಕ್ಕೆ ಹೋಗುತ್ತಾಳಂತೆ ಎಂದಾಗ ನೆಂಟರಲ್ಲಿ ಎರಡು ಪಕ್ಷಗಳಾದವು. ಒಂದು ಪಕ್ಷದವರು ಅದು ಚೂಡಿದಾರ್ ಮೆಟೀರಿಯಲ್ ಎಂದು ತಿಳಿದರು. ಇನ್ನೊಂದು ಪಕ್ಷದವರು ಕೆಂಪುಕಲ್ಲು, ಜಲ್ಲಿ, ಸಿಮೆಂಟು ಎಂದು ತಿಳಿದು, ಬಂದ ಮೇಲೆ ಬಿ.ಸಿ. ರೋಡಿನ ಪೇಟೆಯಲ್ಲಿ ಅಂಗಡಿ ಹಾಕಿದರೆ ಒಳ್ಳೆಯ ವ್ಯಾಪಾರ ಉಂಟು ಎಂದರು. ಅಳದಂಗಡಿಯ ದೊಡ್ಡಮ್ಮ ಯಾವ ಪಕ್ಷಕ್ಕೂ ಸೇರದೆ, "ಅದು ಕಲಿತವರಿಗೆ ಗಂಡು ಸಿಗ್ತದಾ?" ಎಂದು ಮೂಲಕ್ಕೇ ಕೈಹಾಕಿದರು.

ವಸ್ತುಗಳು ಯಾಕೆ ಗಟ್ಟಿಯಾಗಿರುತ್ತವೆ, ಯಾಕೆ ಮುರಿಯುತ್ತವೆ, ಯಾಕೆ ತುಕ್ಕು ಹಿಡಿಯುತ್ತವೆ ಎಂದು ಕಲಿಯುವುದು ಎಂದು ನಾನು ತಾಳ್ಮೆಯಿಂದ ವಿವರಿಸಿದೆ. "ತೆಂಗಿನಕಾಯಿ ಬಿದ್ದರೆ ಹಂಚು ಮುರಿಯುವುದು. ಅದನ್ನು ತಿಳಿಯಲಿಕ್ಕೆ ಅಲ್ಲಿಯವರೆಗೆ ಹೋಗಬೇಕಾ?" ಎಂದರು ದೊಡ್ಡಮ್ಮ. ಆಮೇಲೆ ಎರಡು ವರ್ಷ ನಾನು ಓದಿದ್ದರಲ್ಲಿ ಇದಕ್ಕಿಂತ ಸಂಕ್ಷಿಪ್ತವಾದ ವ್ಯಾಖ್ಯೆ ಎಲ್ಲೂ ಸಿಗಲಿಲ್ಲ, ಆದರೆ ಇದನ್ನು ಪರೀಕ್ಷೆಯಲ್ಲಿ ಬರೆದರೆ ಅಂಕ ಕೊಡುವುದಿಲ್ಲ.

ಮೊದಲ ವರ್ಷ ಎಲ್ಲ ಅಂದುಕೊಂಡಂತೆಯೇ ಆಯಿತು. ಟೈಟಾನಿಯಂ, ನಿಕ್ಕಲ್, ಸೂಕ್ಷ್ಮದರ್ಶಕ, ಸುರಿಯುವ ಮೂಗು. ಕಷ್ಟ ಶುರುವಾದದ್ದು ಎರಡನೆಯ ವರ್ಷ, ಪ್ರಬಂಧಕ್ಕೆ ಮಾರ್ಗದರ್ಶಕರನ್ನು ಹುಡುಕುವಾಗ. ಲೋಹದ ವಿಭಾಗದಲ್ಲಿ ಜಾಗವೇ ಇರಲಿಲ್ಲ. ನಮ್ಮಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುತ್ತಾರಲ್ಲ, ಅಲ್ಲಿಯ ಹುಡುಗರು ಹಾಗೆ ಒಂದು ವರ್ಷ ಮೊದಲೇ ಪ್ರೊಫೆಸರುಗಳನ್ನು ಹಿಡಿದಿಟ್ಟಿದ್ದರು. ಉಳಿದಿದ್ದವರು ಒಬ್ಬರೇ. ನಾರು, ಎಲೆ, ತೊಗಟೆಗಳಿಂದ ಪ್ಲಾಸ್ಟಿಕ್ಕಿಗೆ ಬದಲಿ ವಸ್ತು ಮಾಡುವವರು. ಉದ್ದ ಕಾಲಿನ ಮನುಷ್ಯ, ಮಂಜು ಬಿದ್ದರೂ ಸೈಕಲ್ಲಿನಲ್ಲೇ ಬರುತ್ತಿದ್ದರು, ಪ್ಲಾಸ್ಟಿಕ್ ಚೀಲ ಕಂಡರೆ ಮೈಮೇಲೆ ಬಂದವರ ಹಾಗೆ ಆಡುತ್ತಿದ್ದರು.

ಅವರು ನನ್ನ ಅಂಕಗಳನ್ನು ನೋಡಲಿಲ್ಲ. ಊರು ಎಲ್ಲಿ ಎಂದು ಕೇಳಿ, ಕಂಪ್ಯೂಟರಿನಲ್ಲಿ ನಕ್ಷೆ ತೆರೆದು, ಹಸಿರು ಕಂಡು ಕಣ್ಣರಳಿಸಿದರು.

"ಇಲ್ಲಿ ಅಡಿಕೆ ಬೆಳೆಯುತ್ತಾರೆ ಅಲ್ಲವೇ? ಅದರ ಸೋಗೆಯ ಬುಡದಲ್ಲಿ ಒಂದು ಅಗಲವಾದ ಹಾಳೆ ಇರುತ್ತದೆಯಂತೆ. ಅದನ್ನು ನೀವು ನೋಡಿದ್ದೀರಾ?"

ನೋಡಿದ್ದೇನಾ! ನಾನು ಹುಟ್ಟಿದ ಮೇಲೆ ನನ್ನನ್ನು ಮೀಯಿಸಿದ್ದೇ ಹಾಳೆಯ ಮೇಲೆ ಮಲಗಿಸಿ. ಆಮೇಲೆ ಅದರ ಮೇಲೆ ಕೂರಿಸಿ ಅಂಗಳ ತುಂಬ ಎಳೆದಾಡಿ, ಚಡ್ಡಿ ಹರಿದಾಗ ಅದರಲ್ಲೇ ಎರಡು ಬಿಗಿದಿದ್ದರು. ತೋಟದಲ್ಲಿ ಕೆಲಸ ಮಾಡುವವರು ಅದನ್ನು ಮಡಚಿ ಟೋಪಿ ಮಾಡಿ ಹಾಕಿಕೊಳ್ಳುತ್ತಾರೆ, ಹಟ್ಟಿಯಲ್ಲಿ ಸೆಗಣಿ ಎತ್ತುತ್ತಾರೆ, ಉಳಿದದ್ದನ್ನು ಬಚ್ಚಲಿನ ಒಲೆಗೆ ಹಾಕುತ್ತಾರೆ. ನಾನು ಸಮುದ್ರ ದಾಟಿ ಇಷ್ಟು ದೂರ ಬಂದದ್ದರಲ್ಲಿ ಒಂದು ಸಣ್ಣ ಪಾಲು ಈ ಹಾಳೆಯಿಂದ ತಪ್ಪಿಸಿಕೊಳ್ಳಲಿಕ್ಕೂ ಹೌದು. ಬೇಸಿಗೆಯ ರಜೆಗಳೆಲ್ಲ ಅದನ್ನು ಹೆಕ್ಕಿ ರಾಶಿ ಹಾಕುವುದರಲ್ಲೇ ಹೋಗಿದ್ದವು.

"ನೋಡಿದ್ದೇನೆ," ಎಂದೆ.

"ಅದ್ಭುತ," ಎಂದರು ಪ್ರೊಫೆಸರ್. ನನ್ನ ಪ್ರಬಂಧದ ವಿಷಯ ಅಲ್ಲಿಗೆ ನಿಶ್ಚಯವಾಯಿತು. ಹಾಳೆ ಎಷ್ಟು ನೀರು ಹೀರುತ್ತದೆ, ಎಷ್ಟು ಎಳೆದರೆ ಹರಿಯುತ್ತದೆ, ಅಂಟು ಹಾಕಿ ಒತ್ತಿದರೆ ಹಲಗೆಯಾಗುತ್ತದೆಯೇ ಎಂದು ನೋಡಬೇಕು. ಬೇಸಿಗೆಯ ಸೆಮಿಸ್ಟರಿನೊಳಗೆ ಮುಗಿಸಬೇಕು. ಮುಗಿಯದಿದ್ದರೆ ವೀಸಾ ಮುಗಿಯುತ್ತದೆ, ವೀಸಾ ಮುಗಿದರೆ ಅರ್ಧ ಡಿಗ್ರಿ ಹಿಡಿದುಕೊಂಡು ಸಿದ್ಧಕಟ್ಟೆಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಬೇಕು. ಇಳಿದ ಗಳಿಗೆಯಲ್ಲಿ ದೊಡ್ಡಮ್ಮನ ಮುಖ ಹೇಗಿರುತ್ತದೆ ಎಂದು ನಾನು ಆಗಾಗ ಊಹಿಸಿಕೊಳ್ಳುತ್ತಿದ್ದೆ. ಅದು ನನಗೆ ಯಾವ ಪ್ರೊಫೆಸರಿಗಿಂತಲೂ ಚೆನ್ನಾಗಿ ಓದಿಸಿತು.

ಮನೆಗೆ ಫೋನು ಮಾಡಿ ಹೇಳಿದಾಗ ಅಪ್ಪ ಮೊದಲು ನಂಬಲಿಲ್ಲ, ಆಮೇಲೆ ಕೆಮ್ಮು ಬರುವವರೆಗೆ ನಕ್ಕರು. "ಹಾಳೆ ಓದಲಿಕ್ಕೆ ಜರ್ಮನಿಯಾ? ಇಲ್ಲಿ ಗುಡಿಸಿ ರಾಶಿ ಹಾಕಿದ್ದು ಉಂಟಲ್ಲ ಮಾರಾಯ್ತಿ, ಇಲ್ಲೇ ಡಾಕ್ಟರೇಟ್ ಮಾಡಬಹುದಿತ್ತು!"

ಅಮ್ಮ ನಗಲಿಲ್ಲ. ನನ್ನ ಅಮ್ಮ ಬೆಳಿಗ್ಗೆ ಸ್ಕೂಟರಿನಲ್ಲಿ ಡೈರಿಗೆ ಹಾಲು ಹಾಕಿ ಬಂದು, ಹತ್ತು ಗಂಟೆಗೆ ಮಹಿಳೆಯರ ಸಂಘದ ಸಭೆಯಲ್ಲಿ ಯಾರನ್ನಾದರೂ ಜೋರು ಮಾಡಿ, ಮಧ್ಯಾಹ್ನ ಅಪ್ಪನನ್ನು ಜೋರು ಮಾಡುವ ಹೆಂಗಸು. ಯಾರಿಗೂ ಸೊಪ್ಪು ಹಾಕುವವಳಲ್ಲ. ಅಪ್ಪನ ಕೈಯಿಂದ ಫೋನು ಕಿತ್ತುಕೊಂಡು ಎರಡೇ ಪ್ರಶ್ನೆ ಕೇಳಿದಳು.

"ಎಷ್ಟು ಬೇಕು? ಯಾವಾಗ ಬೇಕು?"

ಮನೆಯಲ್ಲಿ ನಮ್ಮದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ. ಅವತ್ತು ನಾನು ತುಳುವಿನಲ್ಲಿ, ಆಮೇಲೆ ಖಾತ್ರಿಗೆಂದು ಕನ್ನಡದಲ್ಲಿ, ಒಂದು ಮಾತನ್ನು ಒತ್ತಿ ಹೇಳಿದೆ: "ಮರದಿಂದ ಹೇಗೆ ಬಿದ್ದಿದೆಯೋ ಹಾಗೇ ಕಳಿಸು ಅಮ್ಮ. ಅದಕ್ಕೆ ಎಂತ ಸಹ ಮಾಡಬೇಡ."

"ಆಯ್ತು. ಎಂತ ಸಹ ಮಾಡುವುದಿಲ್ಲ," ಎಂದಳು.

ಬೇಕಾದ ಪರವಾನಗಿಗಳನ್ನು ಪ್ರೊಫೆಸರೇ ಮಾಡಿಸಿಕೊಟ್ಟರು. ಮೂಡುಬಿದಿರೆಯ ಕೊರಿಯರಿನಿಂದ ಹೊರಟ ಪೆಟ್ಟಿಗೆ ಕೆಲವು ವಾರಗಳ ನಂತರ ಪ್ರಯೋಗಾಲಯ ತಲುಪಿತು. ತೆರೆದು ನೋಡಿದರೆ ನನಗೇ ಆಶ್ಚರ್ಯ. ನಮ್ಮ ತೋಟದ ಹಾಳೆ ಇಷ್ಟು ಚಂದವಾ? ಒಂದೇ ಬಣ್ಣ, ಒಂದೇ ಅಳತೆ, ಅಂಚುಗಳು ನೇರ, ಕೈಯಿಟ್ಟರೆ ನುಣುಪು. ದೂರ ಹೋದ ಮೇಲೆ ಮನೆಯ ವಸ್ತುಗಳೆಲ್ಲ ಚಂದ ಕಾಣುತ್ತವೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವಿಜ್ಞಾನದ ವಿದ್ಯಾರ್ಥಿನಿ ಮಾಡಬಾರದ ಕೆಲಸ ಅದು. ಕಣ್ಣಿಗೆ ಕಂಡದ್ದನ್ನು ಭಾವನೆಯ ಲೆಕ್ಕಕ್ಕೆ ಹಾಕಿ ಮುಂದೆ ಹೋದೆ.

ಹಾಳೆಯನ್ನು ತುಂಡು ಮಾಡಿ ಮೊದಲನೆಯ ಪರೀಕ್ಷೆ ಮಾಡಿದೆವು. ಒಂದು ಯಂತ್ರ ಸೂಜಿಯ ತುದಿಯಿಂದ ಒಂದು ಹನಿ ನೀರು ಬಿಡುತ್ತದೆ, ಕ್ಯಾಮೆರಾ ಆ ಹನಿಯ ಚಿತ್ರ ತೆಗೆಯುತ್ತದೆ. ಹನಿ ಹರಡಿದರೆ ವಸ್ತು ನೀರನ್ನು ಕುಡಿಯುತ್ತದೆ ಎಂದರ್ಥ. ಇಂಥ ಒಣ ನಾರಿನ ವಸ್ತುವಿನ ಮೇಲೆ ಅದು ಹರಡಲೇಬೇಕು. ನಮ್ಮ ಸಿದ್ಧಕಟ್ಟೆಯ ಹಾಳೆಯ ಮೇಲೆ ಅದು ಕೆಸುವಿನ ಎಲೆಯ ಮೇಲೆ ಕೂತ ಹಾಗೆ ಗುಂಡಗೆ ಕೂತಿತು. ಪ್ರೊಫೆಸರ್ ಬಂದು ನೋಡಿದರು. ಹೋಗಿ ಇನ್ನಿಬ್ಬರು ಪ್ರೊಫೆಸರುಗಳನ್ನು ಕರೆದುಕೊಂಡು ಬಂದು ತೋರಿಸಿದರು. ಕರುವಿಗೆ ಎರಡು ತಲೆ ಇದೆ ಎಂದು ಊರವರು ನೋಡಲು ಬರುವ ಹಾಗೆ ಒಬ್ಬೊಬ್ಬರೇ ಬಂದು ಹೋದರು.

ಹೋಲಿಸಿ ನೋಡಲು ಬೇರೆ ಕಡೆಯ ಹಾಳೆ ಬೇಕಾಯಿತು. ನಾರಾವಿಯಲ್ಲಿ ಹಾಳೆಯಿಂದ ಊಟದ ತಟ್ಟೆ ಮಾಡುವವರೊಬ್ಬರು ಅಪ್ಪನಿಗೆ ಗುರ್ತದವರು. ಅವರಿಂದ ತೆಗೆದುಕೊಂಡ ಹಾಳೆಗಳನ್ನು ಅಪ್ಪ ನೇರವಾಗಿ ಕಳಿಸಿದರು. ಆ ಹಾಳೆಗಳ ಮೇಲೆ ಹನಿ ಬಿದ್ದ ಕೂಡಲೇ ಮಾಯ. ಪೂರ್ತಿ ಕುಡಿದುಬಿಟ್ಟವು. ಇದನ್ನು ಹೇಳಿದಾಗ ಅಪ್ಪನಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ.

"ನಾರಾವಿಯದ್ದು ಅಷ್ಟೇ. ನಮ್ಮ ಮಣ್ಣೇ ಬೇರೆ," ಎಂದರು.

ವಿಚಿತ್ರವೆಂದರೆ ಪ್ರೊಫೆಸರೂ ಅದನ್ನೇ ಹೇಳಿದರು. ಅವರ ಬಾಯಲ್ಲಿ ಅದು ಮಣ್ಣಿನ ಕಬ್ಬಿಣದ ಅಂಶ, ತೇವಾಂಶ, ತಳಿಯ ವ್ಯತ್ಯಾಸ ಎಂದೆಲ್ಲ ಬಂತು. ಸಿದ್ಧಕಟ್ಟೆಗೂ ನಾರಾವಿಗೂ ನಡುವೆ ಎಷ್ಟು ದೂರ ಎಂದು ಅವರು ಕೇಳಲಿಲ್ಲ, ಮಧ್ಯಾಹ್ನ ಊಟ ಮಾಡಿ ಹೊರಟರೆ ಚಹಾದ ಹೊತ್ತಿಗೆ ವಾಪಸ್ಸು ಬರಬಹುದು ಎಂದು ನಾನೂ ಹೇಳಲಿಲ್ಲ. ಅವರು ಒಂದು ಸಮ್ಮೇಳನಕ್ಕೆ ಈ ಫಲಿತಾಂಶದ ಸಾರಾಂಶ ಕಳಿಸಿಯೇ ಬಿಟ್ಟರು. ಪ್ರಬಂಧ ಬೇಸಿಗೆಯೊಳಗೆ ಮುಗಿಯುವುದು ಖಚಿತ ಎಂದರು. ಆ ವಾರ ಮೂಡುಬಿದಿರೆಯ ಒಂದು ಮದುವೆ ಹಾಲಿನಲ್ಲಿ, ಊಟದ ಸಾಲಿನಲ್ಲಿ, ಅಮ್ಮ ದೊಡ್ಡಮ್ಮನಿಗೆ ಕೇಳುವ ಹಾಗೆ ಇನ್ಯಾರಿಗೋ ಹೇಳಿದಳಂತೆ: "ನಮ್ಮ ಮನೆಯ ಹಾಳೆ ಜರ್ಮನಿಯಲ್ಲಿ ಪಾಸಾಯಿತು."

ನಾನೂ ಉಬ್ಬಿಹೋಗಿದ್ದೆ, ಸುಳ್ಳು ಯಾಕೆ ಹೇಳಲಿ.

ಉಳಿದ ಹಾಳೆಗಳಿದ್ದ ಪೆಟ್ಟಿಗೆಯನ್ನು ನಾನು ಪ್ರಯೋಗಾಲಯದ ಮೂಲೆಯಲ್ಲಿ, ಕೋಣೆ ಬೆಚ್ಚಗಿಡುವ ಹೀಟರಿನ ಪಕ್ಕ ಇಟ್ಟಿದ್ದೆ. ತೇವ ಆಗಬಾರದಲ್ಲ. ಚಳಿಗಾಲ ಕಳೆದು ಹಲಗೆ ಮಾಡುವ ಪ್ರಯೋಗಕ್ಕೆಂದು ಒಂದು ಬೆಳಿಗ್ಗೆ ಅದನ್ನು ಮತ್ತೆ ತೆರೆದೆ. ತೆರೆದವಳು ಹಾಗೇ ಕೂತೆ. ಒಳಗಿನಿಂದ ಬಂದದ್ದು ಕಮಟಿದ ತೆಂಗಿನೆಣ್ಣೆಯ ವಾಸನೆ. ಶಾಲೆಗೆ ಹೋಗುವಾಗ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಜಡೆಗಳಿಂದ ಬರುತ್ತಿದ್ದ ಅದೇ ವಾಸನೆ. ನಮ್ಮ ಕಡೆಯವರಿಗೆ ಅದನ್ನು ಗುರುತಿಸಲು ಯಾವ ಯಂತ್ರವೂ ಬೇಡ. ಹಾಳೆಯಲ್ಲಿ ಏನೇನು ಸೇರಿದೆ ಎಂದು ತೋರಿಸುವ ಅಲ್ಲಿಯ ಇನ್ನೊಂದು ಯಂತ್ರವೂ ಅದನ್ನು ಮೊದಲೇ ಹೇಳಿತ್ತು. ಅದರ ರೇಖಾಚಿತ್ರದಲ್ಲಿ, ಎಣ್ಣೆ ಇದ್ದರೆ ಕಾಣುವ ಜಾಗದಲ್ಲಿ ಒಂದು ಗುಡ್ಡ ಎದ್ದಿತ್ತು. ಪ್ರೊಫೆಸರ್ ಅದನ್ನು ಹಾಳೆಯದ್ದೇ ಸ್ವಂತ ಮೇಣ ಎಂದಿದ್ದರು, ನಾನು ತಲೆಯಾಡಿಸಿದ್ದೆ.

ಹೊರಗೆ ಬಂದು ಅಮ್ಮನಿಗೆ ಫೋನು ಮಾಡಿದೆ.

"ಅಮ್ಮ, ಆ ಹಾಳೆಗೆ ಎಂತ ಮಾಡಿದ್ದೆ?"

"ಎಂತ ಮಾಡುವುದು? ಎಂತ ಸಹ ಮಾಡಿಲ್ಲ."

"ತೊಳೆದೆಯಾ?"

"ತೊಳೆಯದೆ ಕಳಿಸುವುದಾ? ಮಣ್ಣು ಇತ್ತು. ಅಂಟುವಾಳದ ನೀರಿನಲ್ಲಿ ತೊಳೆದದ್ದು."

"ಎಣ್ಣೆ?"

"ನೆರಳಿನಲ್ಲಿ ಒಣಗಿಸಿದ ಮೇಲೆ ಒರಟು ಒರಟು ಕಾಣ್ತಿತ್ತು. ಒಂದು ಬಟ್ಟೆಯಲ್ಲಿ ಚೂರು ಎಣ್ಣೆ ತೆಗೆದು ಒರಸಿದ್ದು. ಅದು ಮಾಡುವುದಾ ಮಗಾ? ನೀನು ಹೇಳಿದ ಹಾಗೆ ಎಂತ ಸಹ ಮಾಡಿಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅಮ್ಮನ ನಿಘಂಟಿನಲ್ಲಿ ಅದು ಮಾಡುವುದರ ಪಟ್ಟಿಗೆ ಬರುವುದೇ ಇಲ್ಲ. ನೆರೆಮನೆಗೆ ಹಲಸಿನಹಣ್ಣು ಕೊಡುವುದಾದರೂ ಸೊಳೆ ಬಿಡಿಸಿ, ಬೀಜ ತೆಗೆದು, ಬಾಳೆಲೆ ಮುಚ್ಚಿ ಕೊಡುವವಳು. ಮಂಗಳೂರಿನ ಆಸ್ಪತ್ರೆಗೆ ತೋರಿಸಲು ಹೋಗುವ ಮೊದಲು ಕಾಲಿನ ಗಾಯವನ್ನೂ ಚಂದ ಮಾಡಿಕೊಂಡು ಹೋದವಳು, ಡಾಕ್ಟರರಿಗೆ ಗಾಯವೇ ಕಾಣಲಿಲ್ಲ. ಮನೆಯಿಂದ ಹೊರಗೆ ಹೋಗುವ ವಸ್ತು ಒರಸಿಕೊಂಡೇ ಹೋಗಬೇಕು, ಅದು ಉಸಿರಾಡಿದ ಹಾಗೆ. ಎಂತ ಸಹ ಮಾಡಬೇಡ ಎಂದು ಇಂಥ ಮನುಷ್ಯಳಿಗೆ ಹೇಳಿದ ನಾನೇ ಪೆದ್ದಿ.

ಹಾಗಾದರೆ ನನ್ನ ಅರ್ಧ ವರ್ಷದ ಅಂಕಿಗಳೆಲ್ಲ ಹಾಳೆಯದ್ದಲ್ಲ, ಎಣ್ಣೆಯದ್ದು. ಎಷ್ಟು ಎಣ್ಣೆ, ಯಾವ ಹಾಳೆಗೆ ಹೆಚ್ಚು, ಯಾವುದಕ್ಕೆ ಕಡಿಮೆ, ದೇವರೇ ಬಲ್ಲ. ಆ ಎಣ್ಣೆಯಿಂದ ಹಾಳೆಗೆ ಒಳ್ಳೆಯದೂ ಆಗಿರಲಿಲ್ಲ. ಅವತ್ತೇ ಹಲಗೆ ಮಾಡಲು ಅಂಟು ಹಾಕಿ ಒತ್ತಿ ನೋಡಿದರೆ ಪದರಗಳು ಒಂದಕ್ಕೊಂದು ಹಿಡಿಯದೆ ಜಾರಿಕೊಂಡವು, ವಾಸನೆಗೆ ಪಕ್ಕದ ಕೋಣೆಯವರು ಕಿಟಕಿ ತೆರೆದರು. ಒಂದು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡು ತಿರುಗಾಡಿ, ಮಾರನೆಯ ದಿನ ಪ್ರೊಫೆಸರ ಕೋಣೆಗೆ ಹೋಗಿ ಹೇಳಿದೆ. ನನ್ನ ತಾಯಿ ಎಣ್ಣೆ ಸವರಿದ್ದಾರೆ ಎಂದು.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕುರ್ಚಿಯಿಂದ ಎದ್ದುಬಿಟ್ಟರು.

"ಸಾಂಪ್ರದಾಯಿಕ ಲೇಪನ!" ಎಂದರು. "ನಿಮ್ಮ ಸಮುದಾಯದಲ್ಲಿ ತಲೆಮಾರುಗಳಿಂದ ಇರಬೇಕು. ಇದನ್ನು ಯಾರೂ ದಾಖಲಿಸಿಲ್ಲ!"

ಅವರಿಗೆ ನಮ್ಮ ಕಡೆಯ ಯಾವುದೇ ಹೆಂಗಸು ಯಾವುದೇ ಪಾತ್ರೆ ತೊಳೆದರೂ ಅದು ಪ್ರಾಚೀನ ಜ್ಞಾನವೇ. ಆದರೆ ಅವರು ಮುಂದೆ ಹೇಳಿದ್ದು ಕೇಳಿ ನನ್ನ ಕಿವಿ ನೆಟ್ಟಗಾಯಿತು. ಇದು ಪರಂಪರೆಯ ವಿಧಾನವಾಗಿದ್ದರೆ ಪ್ರಬಂಧದ ಶೀರ್ಷಿಕೆಯನ್ನು ಸ್ವಲ್ಪ ಬದಲಿಸಿದರೆ ಸಾಕು. ಇದ್ದ ಅಂಕಿಗಳೇ ನಡೆಯುತ್ತವೆ, ಬೇಸಿಗೆಯಲ್ಲೇ ಮುಗಿಯುತ್ತದೆ. ಹಾಗಲ್ಲದೆ ಸುಮ್ಮನೆ ಸವರಿದ್ದಾದರೆ ಇದು ಕೆಟ್ಟುಹೋದ ಮಾದರಿ, ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕು. ಅದಕ್ಕೆ ತಾಯಿಯವರನ್ನೇ ವಿಡಿಯೋದಲ್ಲಿ ಕೇಳೋಣ, ಇದನ್ನು ಯಾರಿಂದ ಕಲಿತರು ಎಂದು. ನೀವು ಅನುವಾದ ಮಾಡಿ ಎಂದರು.

ನನ್ನ ಡಿಗ್ರಿ ಅಮ್ಮನ ಒಂದು ವಾಕ್ಯದ ಮೇಲೆ ಬಂದು ನಿಂತಿತು.

ಮನೆಯಲ್ಲಿ ಇದು ತಿಳಿದದ್ದೇ ಅಪ್ಪ ಸೊಂಟ ಕಟ್ಟಿ ನಿಂತರು. ಅಪ್ಪನಿಗೆ ಬೆಳಗಾಗುವುದೇ ವಾಟ್ಸಾಪಿನಲ್ಲಿ, ಅಲ್ಲಿ ಬಂದದ್ದೆಲ್ಲ ಅವರಿಗೆ ವೇದ. "ಹೇಳು ಮಾರಾಯ್ತಿ, ನಿನ್ನ ಅಜ್ಜಿಯ ಅಜ್ಜಿಯಿಂದ ಬಂದದ್ದು ಅಂತ ಹೇಳು," ಎಂದು ಅಮ್ಮನಿಗೆ ಪಾಠ ಹೇಳಿಕೊಡುವುದು ನನಗೆ ಫೋನಿನಲ್ಲಿ ಕೇಳುತ್ತಿತ್ತು. "ನಮ್ಮ ಪೂರ್ವಜರು ವಿಮಾನವನ್ನೇ ಹಾರಿಸಿದವರು, ಒಂದು ಹಾಳೆಗೆ ಎಣ್ಣೆ ಹಚ್ಚಿರಲಿಕ್ಕಿಲ್ವಾ?" ಅಮ್ಮ "ಆಯ್ತು, ಹೇಳ್ತೇನೆ" ಎಂದಳು. ನಾನು ಬೇಡ ಎನ್ನಲಿಲ್ಲ. ದೊಡ್ಡಮ್ಮನ ಮುಖ ಕಣ್ಣ ಮುಂದೆಯೇ ಇತ್ತು.

ಕರೆಯ ದಿನ ಅಮ್ಮ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಮದುವೆಗೆ ಉಡುವ ಸೀರೆ ಉಟ್ಟು, ಮಲ್ಲಿಗೆ ಮುಡಿದು ಕೂತಿದ್ದಳು. ಹಿಂದಿನ ಗೋಡೆಯ ಕ್ಯಾಲೆಂಡರನ್ನು ಕೂಡ ನೆಟ್ಟಗೆ ಮಾಡಿದ್ದಳು. ಅಪ್ಪನ ಒಂದು ಮೊಣಕೈ ಮಾತ್ರ ಪರದೆಯ ಅಂಚಿನಲ್ಲಿ ಕಾಣುತ್ತಿತ್ತು. ಪ್ರೊಫೆಸರ್ ಕೈಮುಗಿದರು, ಎಲ್ಲಿ ಕಲಿತಿದ್ದರೋ. ಅಮ್ಮ ಎದ್ದು ನಿಂತು ಕೈಮುಗಿದು ಮತ್ತೆ ಕೂತಳು.

ಈ ಎಣ್ಣೆ ಹಚ್ಚುವ ವಿಧಾನವನ್ನು ನೀವು ಯಾರಿಂದ ಕಲಿತಿರಿ ಎಂದು ಅವರು ಕೇಳಿದರು. ನಾನು ಅದನ್ನು ಅಮ್ಮನಿಗೆ ಹೇಳಿದೆ. ಪರದೆಯಲ್ಲಿ ಅಪ್ಪನ ಮೊಣಕೈ ಅಮ್ಮನ ಭುಜಕ್ಕೆ ತಾಗಿತು.

"ನನ್ನ ಅಮ್ಮನಿಂದ..." ಎಂದು ಅಮ್ಮ ಶುರು ಮಾಡಿದಳು. ಅಲ್ಲಿಗೇ ನಿಂತಳು. ಅವಳಿಗೆ ತನ್ನ ಅಮ್ಮನ ನೆನಪಾಗಿರಬೇಕು. ಮುಖ ಬದಲಾಯಿತು.

"ಇಲ್ಲ ಮಗಾ. ನನ್ನ ಅಮ್ಮ ಹಾಳೆಗೆ ಎಣ್ಣೆ ಹಾಕುವುದಾ? ಅವರಿಗೆ ತಲೆಗೆ ಹಾಕಲಿಕ್ಕೆ ಎಣ್ಣೆ ಇರಲಿಲ್ಲ. ಅವರ ಹೆಸರಿನಲ್ಲಿ ಹೀಗೆಲ್ಲ ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ. ನಾನು ಒರಸಿದ್ದು ನಿನಗೋಸ್ಕರ. ಅಲ್ಲಿ ಅಷ್ಟು ಜನ ದೊಡ್ಡವರು ನೋಡುವ ವಸ್ತು. ಮಣ್ಣು ಮಣ್ಣು ಕಳಿಸಿದರೆ ನನ್ನ ಮಗಳನ್ನು ಅವರು ಹೇಗೆ ನೋಡಿಯಾರು? ಹೇಳುವವರು ಕೇಳುವವರು ಇಲ್ಲದ ಮನೆಯವಳು ಅಂತ ತಿಳಿಯಲಿಕ್ಕಿಲ್ವಾ?"

ಅಪ್ಪನ ಮೊಣಕೈ ಪರದೆಯಿಂದ ಮರೆಯಾಯಿತು.

"ಏನಂದರು?" ಎಂದು ಪ್ರೊಫೆಸರ್ ಪೆನ್ನು ಹಿಡಿದು ನನ್ನ ಕಡೆ ತಿರುಗಿದರು.

ಆ ಕೋಣೆಯಲ್ಲಿ ತುಳು ಬರುವವಳು ನಾನೊಬ್ಬಳೇ. ಅಜ್ಜಿಯಿಂದ ಕಲಿತರಂತೆ ಎಂದು ನಾನು ಹೇಳಿದ್ದರೆ ಅವರು ಬರೆದುಕೊಳ್ಳುತ್ತಿದ್ದರು, ಬೇಸಿಗೆಯಲ್ಲಿ ನನ್ನ ಕೈಯಲ್ಲಿ ಡಿಗ್ರಿ ಇರುತ್ತಿತ್ತು. ನಾನು ಸತ್ಯಸಂಧೆಯೇನೂ ಅಲ್ಲ. ಬಸ್ಸಿನಲ್ಲಿ ಪಾಸು ಮುಗಿದ ಮೇಲೂ ಧೈರ್ಯವಾಗಿ ಪ್ರಯಾಣ ಮಾಡಿದವಳು. ಆದರೆ ಅವತ್ತು ಸಿಟ್ಟು ಬಂತು. ಯಾರ ಮೇಲೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಎಣ್ಣೆಯಿಲ್ಲದ ತಲೆಯ ನನ್ನ ಅಜ್ಜಿಯನ್ನು ಪ್ರಾಚೀನ ವಿಜ್ಞಾನಿ ಮಾಡುವುದು, ಅಮ್ಮ ನನಗೋಸ್ಕರ ಕೂತು ಒರಸಿದ್ದನ್ನು ಸಮುದಾಯದ ವಿಧಾನ ಮಾಡುವುದು, ಇದೆಲ್ಲ ನನ್ನಿಂದ ಆಗದು ಅನ್ನಿಸಿತು. ಅಮ್ಮ ಹೇಳಿದ್ದನ್ನು ಒಂದು ಮಾತೂ ಬಿಡದೆ ಅವರಿಗೆ ಹೇಳಿದೆ.

ಪ್ರೊಫೆಸರ್ ಪೆನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ಹಾಗಾದರೆ ಈ ಅಂಕಿಗಳನ್ನು ಬಳಸುವಂತಿಲ್ಲ," ಎಂದರು. ಸಮ್ಮೇಳನದಿಂದ ಸಾರಾಂಶ ವಾಪಸ್ಸು ತೆಗೆದುಕೊಳ್ಳುತ್ತೇನೆ, ಇನ್ನೊಂದು ಸೆಮಿಸ್ಟರಿಗೆ ವೀಸಾ ಮುಂದುವರಿಸುವ ಬಗ್ಗೆ ತಾನೇ ಮಾತಾಡಿ ನೋಡುತ್ತೇನೆ, ಭರವಸೆ ಕೊಡಲಾರೆ, ಹೊಸ ಹಾಳೆ ತರಿಸಿ ಎಂದರು. ಒಳ್ಳೆಯ ಮನುಷ್ಯ. ಇಷ್ಟು ಹೊತ್ತು ಅವರನ್ನು ತಮಾಷೆ ಮಾಡಿದ್ದಕ್ಕೆ ನನಗೆ ಚೂರು ನಾಚಿಕೆಯೂ ಆಯಿತು.

"ಅವರು ಎಂತ ಹೇಳಿದ್ದು? ಪಾಸಾ?" ಎಂದು ಅಮ್ಮ ಪರದೆಗೆ ಮುಖ ತಾಗುವಷ್ಟು ಹತ್ತಿರ ಬಂದು ಕೇಳಿದಳು.

"ಇಲ್ಲ ಅಮ್ಮ. ಮೊದಲಿನಿಂದ ಮಾಡಬೇಕು. ಇನ್ನೊಮ್ಮೆ ಹಾಳೆ ಕಳಿಸಬೇಕಂತೆ. ತೊಳೆಯದೆ, ಒರಸದೆ."

ಅಮ್ಮ ಮಲ್ಲಿಗೆ ಸರಿಮಾಡಿಕೊಂಡಳು. ನನ್ನ ಒಂದು ಸೆಮಿಸ್ಟರು ತನ್ನಿಂದ ಹೋಯಿತು ಎಂದು ಅವಳಿಗೆ ಅರ್ಥವಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಆದರೂ ಸೋಲುವವಳಲ್ಲ.

"ಒರಸದೆ ನಾನು ಕಳಿಸುವುದಿಲ್ಲ," ಎಂದಳು. "ಅದು ನನ್ನಿಂದ ಆಗುವ ಕೆಲಸ ಅಲ್ಲ. ಹಾಗೇ ಬೇಕಾದರೆ ನೀನೇ ಬಂದು ತೆಗೆದುಕೊಂಡು ಹೋಗು."

ನಾನು ಹೊರಟ ದಿನದಿಂದ ಆ ದಿನದವರೆಗೆ ಅಮ್ಮ ಒಮ್ಮೆಯೂ ನನ್ನನ್ನು ಬಾ ಎಂದಿರಲಿಲ್ಲ. ಹಬ್ಬಕ್ಕೆ ಬಾ ಎಂದಿಲ್ಲ, ಮದುವೆಗಳಿಗೆ ಬಾ ಎಂದಿಲ್ಲ. ಓದು ಹಾಳಾಗುತ್ತದೆ ಎಂದು. ಈಗ ಓದು ಹೇಗೂ ಹಾಳಾಗಿತ್ತಲ್ಲ.

ವೀಸಾ ಕೊನೆಗೆ ಮುಂದುವರಿಯಿತು. ಮಾದರಿ ತರುವ ಹೆಸರಿನಲ್ಲಿ ಏಪ್ರಿಲಿನಲ್ಲಿ ಊರಿಗೆ ಹೋದೆ. ನನಗೆ ಬೇಕಾದದ್ದು ಬಿದ್ದ ಹಾಗೇ ಬಿದ್ದಿರುವ ಹಾಳೆ, ಮಣ್ಣು ಹತ್ತಿದ್ದು, ಇರುವೆ ಕೊರೆದದ್ದು, ಅರ್ಧ ಸೀಳಿದ್ದು, ಎಲ್ಲ ಬಗೆಯದ್ದೂ. ಸುಡು ಬಿಸಿಲಿನಲ್ಲಿ ನಾನು ಹೆಕ್ಕಿದೆ, ಅಪ್ಪ ಹೊತ್ತು ತಂದರು. ಅಮ್ಮ ಜಗಲಿಯಲ್ಲಿ ಬೆನ್ನು ಹಾಕಿ ಕೂತು ಮಾವಿನಮಿಡಿ ಆರಿಸುತ್ತಿದ್ದಳು. ತಡೆಯಲಾರದೆ ಆಗಾಗ ತಿರುಗಿ ನೋಡುತ್ತಿದ್ದಳು.

"ಅದೊಂದು ಬೇಡ. ಅದು ಚಂದ ಇಲ್ಲ."

"ಚಂದ ಇಲ್ಲದ್ದು ಸಹ ಬೇಕು ಅಮ್ಮ."

"ಕಪ್ಪು ಕಲೆಯಾದರೂ ಉಜ್ಜಿ ತೆಗೆಯುವ."

"ಮುಟ್ಟಬೇಡ."

ಪೆಟ್ಟಿಗೆಗೆ ತುಂಬಿಸುವ ಹೊತ್ತಿಗೆ ಅವಳು ಎದ್ದು ಬಂದು ಪಕ್ಕದಲ್ಲಿ ನಿಂತಳು. ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು, ತನ್ನ ಕೈಯ ಮೇಲೆ ತನಗೇ ನಂಬಿಕೆ ಇಲ್ಲದವಳ ಹಾಗೆ. ಮಣ್ಣಿನ ಹಾಳೆಗಳು ಒಂದರ ಮೇಲೊಂದು ಒಳಗೆ ಹೋಗುವುದನ್ನು ನೋಡಿದಳು. ನಾನು ಟೇಪು ಸುತ್ತುವಾಗ, ಯಾರಿಗೂ ಕೇಳದ ಹಾಗೆ, ಅಪ್ಪನಿಗೂ ಕೇಳದ ಹಾಗೆ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅಲ್ಲಿ ಕೇಳಿದರೆ, ಇದು ನಮ್ಮ ಮನೆಯದ್ದು ಅಂತ ಹೇಳಬೇಡ ಮಗಾ."

ಆ ಕೊಳಕು ಹಾಳೆಗಳಿಂದಲೇ ನನ್ನ ಪ್ರಬಂಧ ಆಯಿತು. ಅವು ನೀರು ಕುಡಿದವು, ನಾರಾವಿಯವು ಕುಡಿದಷ್ಟೇ ಕುಡಿದವು. ಅಂಟು ಹಿಡಿಯಿತು, ಹಲಗೆ ನಿಂತಿತು, ಅಂಕಿಗಳು ಸಾಧಾರಣ ಬಂದವು, ಡಿಗ್ರಿ ಒಂದು ಸೆಮಿಸ್ಟರ್ ತಡವಾಗಿ ಬಂತು. ಪ್ರಬಂಧದಲ್ಲಿ ಮಾದರಿಯ ಮೂಲ ಎಂಬಲ್ಲಿ ತಾಲೂಕಿನ ಹೆಸರು ಮಾತ್ರ ಬರೆದರೆ ಸಾಕಿತ್ತು, ಅದನ್ನು ಸರಿಯಾಗಿಯೇ ಬರೆದೆ. ಆದರೆ ಊರಿನಿಂದ ವಾಪಸ್ಸು ಬಂದು ಪೆಟ್ಟಿಗೆ ತೆರೆದ ದಿನ ಪ್ರೊಫೆಸರ್ ಒಂದು ಹಾಳೆಯನ್ನು ಎತ್ತಿ, ಅದರ ಮಣ್ಣನ್ನೂ ಇರುವೆಯ ತೂತುಗಳನ್ನೂ ಪ್ರೀತಿಯಿಂದ ನೋಡಿ, "ಇದು ನಿಮ್ಮ ತಾಯಿಯ ತೋಟದ್ದೇ ಅಲ್ಲವೇ?" ಎಂದು ಕೇಳಿದರು.

"ಅಲ್ಲ ಸರ್," ಎಂದೆ. "ನೆರೆಮನೆಯವರದ್ದು."